ಹೀಲಿಯೋಸ್, ಅಪೋಲೋ, ಸೋಲ್: ಗ್ರೀಕ್-ರೋಮನ್ ಸೂರ್ಯದೇವನ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಹಳೆಯ ಚಿತ್ರಗಳ ಬಗ್ಗೆ ಮಾತು ಶುರುವಾದರೆ ಸೂರ್ಯನ ರಥ ಎಲ್ಲಿಂದಲೋ ಬಂದೇ ಬರುತ್ತದೆ. ಅದರ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಕೆಲವು ಕಾಫಿ ಕುಡಿಯುತ್ತಾ ಕೇಳಿದವು, ಕೆಲವು ಪತ್ರದಲ್ಲಿ ಬಂದವು, ಕೆಲವು ಕಾಮೆಂಟುಗಳು. ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ.

## ಮೊದಮೊದಲ ಪ್ರಶ್ನೆಗಳು

ಅಪೋಲೋನೇ ಸೂರ್ಯದೇವ ಅಲ್ವಾ? ಮತ್ತೆ ಈ ಹೀಲಿಯೋಸ್ ಯಾರು?

ಮೂಲದಲ್ಲಿ ಇಬ್ಬರೂ ಬೇರೆ ಬೇರೆ. ಹೀಲಿಯೋಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಸೂರ್ಯ ಅಂತಲೇ ಅರ್ಥ. ಅವನು ಟೈಟನ್ ಕುಲದ ಹಳೆಯ ದೇವರು, ಹೈಪೀರಿಯನ್ ಮತ್ತು ಥೀಯಾ ಇವರ ಮಗ. ಚಂದ್ರದೇವತೆ ಸೆಲೀನೀ, ಮುಂಜಾವಿನ ದೇವತೆ ಇಯೋಸ್ ಇಬ್ಬರೂ ಅವನ ಒಡಹುಟ್ಟಿದವರು. ದಿನಾ ರಥ ಹೂಡುವುದು, ಪೂರ್ವದಿಂದ ಪಶ್ಚಿಮಕ್ಕೆ ಓಡಿಸುವುದು, ಇಷ್ಟೇ ಅವನ ಕೆಲಸ. ರಜಾ ಇಲ್ಲ.

ಅಪೋಲೋ ಮುಂದಿನ ತಲೆಮಾರಿನವನು. ಝ್ಯೂಸ್ ಮತ್ತು ಲೀಟೋ ಅವರ ಮಗ, ಆರ್ಟೆಮಿಸ್‌ನ ಅವಳಿ. ಸಂಗೀತ, ಬಿಲ್ಲುಗಾರಿಕೆ, ಭವಿಷ್ಯ ಹೇಳುವುದು, ಪಿಡುಗು ತರುವುದು, ಅದನ್ನು ವಾಸಿ ಮಾಡುವುದು ಎಲ್ಲ ಅವನ ಖಾತೆ. ಹೋಮರ್‌ನ ಹೆಸರಲ್ಲಿರುವ ಕಾವ್ಯಗಳಲ್ಲಿ ಇವರನ್ನು ಯಾರೂ ಕಲಸಿಲ್ಲ. ಇಲಿಯಡ್‌ನ ಶುರುವಿನಲ್ಲಿ ಅಪೋಲೋ ಬಾಣ ಬಿಟ್ಟು ಗ್ರೀಕ್ ಪಾಳೆಯಕ್ಕೆ ಪಿಡುಗು ತರುತ್ತಾನೆ. ಒಡಿಸ್ಸಿಯಲ್ಲಿ ನಾವಿಕರು ಹೀಲಿಯೋಸ್‌ನ ದನಗಳನ್ನು ಕೊಂದು ತಿಂದು ಹಾಳಾಗುತ್ತಾರೆ. ಆ ಮಂದೆಯಲ್ಲಿ 350 ದನ, 350 ಕುರಿ. ವರ್ಷದ ದಿನಗಳ ಲೆಕ್ಕಕ್ಕೆ ಹತ್ತಿರ ಇದೆ, ನೋಡಿ.

ಕ್ರಿ.ಪೂ. 5ನೇ ಶತಮಾನದಿಂದ ಕೆಲವು ಕವಿಗಳು, ಚಿಂತಕರು ಇಬ್ಬರನ್ನೂ ಬೆಸೆಯತೊಡಗಿದರು. ಅಪೋಲೋನ ಇನ್ನೊಂದು ಹೆಸರು ಫೀಬಸ್, ಅಂದರೆ ಹೊಳೆಯುವವನು. ಅದೂ ಸಹಾಯಕ್ಕೆ ಬಂತು. ರೋಮ್‌ನಲ್ಲಿ ಆಗಸ್ಟಸ್ ಕ್ರಿ.ಪೂ. 28ರಲ್ಲಿ ಪ್ಯಾಲಟೈನ್ ಬೆಟ್ಟದ ಮೇಲೆ ಅಪೋಲೋಗೆ ದೇವಸ್ಥಾನ ಕಟ್ಟಿಸಿದ. ಅದರ ಮಾಡಿನ ತುದಿಯಲ್ಲಿ ಸೂರ್ಯನ ರಥ ಇತ್ತು. ಮುಂದೆ ಇಟಲಿಯ ಚಿತ್ರಕಾರರ ಹೊತ್ತಿಗೆ ಇಬ್ಬರೂ ಪೂರ್ತಿ ಒಂದಾಗಿದ್ದರು.

ನನ್ನದೊಂದು ನಾಟಿ ಸೂತ್ರ ಇದೆ. ಗ್ರೀಕ್ ಮಡಕೆ ಆದರೆ ಹೀಲಿಯೋಸ್ ಅನ್ನಿ, ರೋಮನ್ ನಾಣ್ಯ ಆದರೆ ಸೋಲ್ (ರೋಮನರು ಸೂರ್ಯನಿಗೆ ಕೊಟ್ಟ ಹೆಸರು) ಅನ್ನಿ, 1500ರ ನಂತರದ ಅರಮನೆಯ ಚಾವಣಿ ಆದರೆ ಅಪೋಲೋ ಅನ್ನಿ. ತಪ್ಪುವುದು ಕಡಿಮೆ.

ಮ್ಯೂಸಿಯಂನಲ್ಲಿ ಮೂರ್ತಿ ಎದುರು ನಿಂತಾಗ ಇದು ಸೂರ್ಯ ಅಂತ ಹೇಗೆ ಗುರುತು ಹಿಡಿಯೋದು?

ಮೊದಲು ತಲೆ ನೋಡಿ. ಕಿರೀಟದಿಂದ ಮುಳ್ಳಿನ ಹಾಗೆ ಕಿರಣಗಳು ಹೊರಟಿದ್ದರೆ ಅರ್ಧ ಕೆಲಸ ಮುಗಿಯಿತು. ಕಲ್ಲಿನ ತಲೆಯಲ್ಲಿ ಕಿರೀಟ ಇಲ್ಲದೆ ಸುತ್ತಲೂ ತೂತುಗಳಷ್ಟೇ ಕಂಡರೂ ಬಿಡಬೇಡಿ. ಲೋಹದ ಕಿರಣಗಳನ್ನು ಸಿಕ್ಕಿಸಿದ ಜಾಗ ಅದಾಗಿರಬಹುದು. ಆಮೇಲೆ ಕೈ. ರೋಮನ್ ಸೋಲ್ ಬಲಗೈ ಎತ್ತಿರುತ್ತಾನೆ, ಎಡಗೈಯಲ್ಲಿ ಚಾವಟಿ ಅಥವಾ ಗೋಳ. ಕೂದಲು ಗಾಳಿಗೆ ಹಿಂದಕ್ಕೆ ಹಾರಿದ ಹಾಗಿರುತ್ತದೆ, ಗಡ್ಡ ಇರುವುದಿಲ್ಲ.

ಲೈರ್ ಎಂಬ ತಂತಿವಾದ್ಯ, ಬಿಲ್ಲು, ಲಾರೆಲ್ ಎಲೆ, ಮುಕ್ಕಾಲಿ ಪೀಠ, ಸತ್ತ ಹೆಬ್ಬಾವು ಇವು ಅಪೋಲೋನ ಗುರುತುಗಳು. ಲಾರೆಲ್ ಎಲೆಯೂ ಇದೆ, ಕಿರಣವೂ ಇದೆ ಅಂದರೆ ಕಲಾವಿದ ಇಬ್ಬರನ್ನೂ ಒಂದು ಮಾಡಿದ್ದಾನೆ ಅಂತ ತಿಳಿಯಿರಿ.

ಕುದುರೆ ನಾಲ್ಕೇ ಯಾಕೆ? ನಮ್ಮ ಸೂರ್ಯನಿಗೆ ಏಳಲ್ವಾ?

ಗ್ರೀಕರ ಪಂದ್ಯಗಳಲ್ಲಿ ಎಲ್ಲಕ್ಕಿಂತ ಗತ್ತಿನ ಓಟ ನಾಲ್ಕು ಕುದುರೆ ರಥದ್ದು. ದೇವರಿಗೆ ಕೊಡುವಾಗ ತಮ್ಮ ಊರಿನ ಅತಿ ದುಬಾರಿ ಗಾಡಿಯನ್ನೇ ಕೊಟ್ಟರು. ರೋಮನ್ ಕವಿ ಒವಿಡ್ ಆ ಕುದುರೆಗಳಿಗೆ ಹೆಸರನ್ನೂ ಹೇಳುತ್ತಾನೆ: ಪೈರೋಯಿಸ್, ಇಯೋವಸ್, ಈಥಾನ್, ಫ್ಲೆಗಾನ್. ಎಲ್ಲವೂ ಬೆಂಕಿ, ಉರಿ, ಮುಂಜಾವು ಎಂಬ ಅರ್ಥದ ಹೆಸರುಗಳು.

ಕುದುರೆಯ ಲೆಕ್ಕಕ್ಕಿಂತ ನನಗೆ ಜಾಸ್ತಿ ಕುತೂಹಲ ಸಾರಥಿಯದು. ನಮ್ಮ ಸೂರ್ಯನಿಗೆ ಅರುಣ ಇದ್ದಾನೆ. ಸೂರ್ಯ ಆರಾಮಾಗಿ ಎರಡು ಕೈಯಲ್ಲಿ ತಾವರೆ ಹಿಡಿದು ನೇರ ನಿಲ್ಲಬಹುದು. ಹೀಲಿಯೋಸ್‌ಗೆ ಡ್ರೈವರ್ ಇಲ್ಲ, ಲಗಾಮು ಅವನ ಕೈಯಲ್ಲೇ. ಅದಕ್ಕೇ ಅವನ ಮೈ ಎಷ್ಟೋ ಸಲ ಮುಂದಕ್ಕೆ ಬಾಗಿದ, ಎಳೆದು ಹಿಡಿದ ಭಂಗಿಯಲ್ಲಿ ಇರುತ್ತದೆ. ಲಗಾಮು ಕೈತಪ್ಪಿದರೆ ಏನು ಗತಿ ಎಂಬ ಕಥೆ ಹುಟ್ಟುವುದೂ ಅಲ್ಲಿಂದಲೇ.

ಸಂಜೆ ಪಶ್ಚಿಮದಲ್ಲಿ ಮುಳುಗಿದವನು ಬೆಳಗ್ಗೆ ಪೂರ್ವಕ್ಕೆ ಹೇಗೆ ಬರ್ತಾನೆ?

ದೊಡ್ಡದೊಂದು ಚಿನ್ನದ ಬಟ್ಟಲಲ್ಲಿ ಕೂತು, ಭೂಮಿಯ ಸುತ್ತ ಹರಿಯುವ ಸಾಗರದ ಮೇಲೆ ತೇಲಿಕೊಂಡು. ಹೆರಾಕ್ಲೀಸ್ ಒಮ್ಮೆ ಈ ಬಟ್ಟಲನ್ನು ಕಡ ತೆಗೆದುಕೊಳ್ಳುತ್ತಾನೆ. ಸಿಂಹದ ಚರ್ಮ ಹೊದ್ದ ಆ ಗಟ್ಟಿ ಆಳು ಬಟ್ಟಲೊಳಗೆ ಕೂತು ಇಣುಕುತ್ತಿರುವ ಚಿತ್ರ ವ್ಯಾಟಿಕನ್ ಮ್ಯೂಸಿಯಂನ ಒಂದು ಗ್ರೀಕ್ ಕುಡಿಕೆಯಲ್ಲಿದೆ. ಕ್ರಿ.ಪೂ. 480ರ ಆಸುಪಾಸಿನದು. ವೈನ್ ಕುಡಿಯುವ ಬಟ್ಟಲಿನ ತಳದಲ್ಲಿ ಇನ್ನೊಂದು ಬಟ್ಟಲು, ಸುತ್ತ ಸಮುದ್ರ. ಕುಡಿದು ಮುಗಿಸಿದವನಿಗೆ ಮಾತ್ರ ಕಾಣುವ ತಮಾಷೆ.

ಸುಮ್ನೆ ಒಂದು ದುಂಡು ಬರೆದು ಕಿರಣ ಎಳೆದಿದ್ರೆ ಆಗ್ತಿರಲಿಲ್ವಾ? ಇಷ್ಟೆಲ್ಲ ಯಾಕೆ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಸೂರ್ಯನನ್ನು ಯಾರೂ ಕಣ್ಣಿಟ್ಟು ನೋಡಲು ಆಗುವುದಿಲ್ಲ. ನೋಡಲಾಗದ್ದನ್ನು ಬರೆಯಬೇಕು ಅಂದರೆ ಅದರ ಅಕ್ಕಪಕ್ಕದಲ್ಲಿ ಏನಾಗುತ್ತಿದೆ ಅಂತ ಬರೆಯಬೇಕು. ಕುದುರೆ, ಕೂದಲು, ನೀರು, ಓಡಿಹೋಗುವ ನಕ್ಷತ್ರ. ಈ ಪುಟದಲ್ಲಿ ಬರುವ ಒಳ್ಳೆಯ ಕಲಾವಿದರೆಲ್ಲ ಹೀಗೆ ಬಳಸು ದಾರಿ ಹಿಡಿದವರೇ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಬ್ಲಕಾಸ್ ಕ್ರೇಟರ್ ಎಂಬ ದೊಡ್ಡ ಮಡಕೆ ಇದೆ, ಕ್ರಿ.ಪೂ. 430ರ ಸುಮಾರಿನದು. ಹೀಲಿಯೋಸ್‌ನ ರಥ ಸಮುದ್ರದಿಂದ ಏಳುತ್ತಿದೆ. ಅವನ ಎದುರು ನಕ್ಷತ್ರಗಳು ಬರಿಮೈ ಹುಡುಗರಾಗಿ ನೀರಿಗೆ ಹಾರುತ್ತಿವೆ. ಬೇಸಿಗೆಯಲ್ಲಿ ಕೆರೆ ಏರಿಯಿಂದ ಮಕ್ಕಳು ಧುಮುಕುವ ಹಾಗೇ. ಬೆಳಗಾದಾಗ ನಕ್ಷತ್ರ ಮಾಯವಾಗುವುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ಅಥೆನ್ಸ್‌ನ ಪಾರ್ಥೆನಾನ್ ದೇವಸ್ಥಾನದ ಪೂರ್ವ ಮುಖದ ತ್ರಿಕೋನದಲ್ಲಿ ಅಥೀನಾ ಹುಟ್ಟಿದ ಕಥೆಯನ್ನು ಕೆತ್ತಿದ್ದರು. ಕೆಲಸ ನಡೆದದ್ದು ಕ್ರಿ.ಪೂ. 438ರಿಂದ 432ರ ನಡುವೆ. ತ್ರಿಕೋನದ ಮೂಲೆಗಳಲ್ಲಿ ಜಾಗ ಕಮ್ಮಿ, ನಿಂತ ಮನುಷ್ಯ ಹಿಡಿಯುವುದಿಲ್ಲ. ಶಿಲ್ಪಿಗಳು ಎಡಮೂಲೆಯಲ್ಲಿ ಹೀಲಿಯೋಸ್‌ನ ಭುಜ, ತೋಳು, ಕುದುರೆಗಳ ತಲೆ ಇಷ್ಟನ್ನೇ ನೀರಿನಿಂದ ಮೇಲೆ ತಂದರು. ಬಲಮೂಲೆಯಲ್ಲಿ ಸೆಲೀನೀಯ ಕುದುರೆ ಇಡೀ ರಾತ್ರಿ ಓಡಿ ಸುಸ್ತಾಗಿ, ಕಣ್ಣು ಹೊರಬಂದು, ದವಡೆ ಜೋತುಹಾಕಿ ಮುಳುಗುತ್ತಿದೆ. ಇಕ್ಕಟ್ಟಾದ ಜಾಗವೇ ದಿಗಂತ ಆಯಿತು.

## ಕಥೆ ಗೊತ್ತು, ಚಿತ್ರ ನೋಡೋಣ ಅನ್ನುವವರಿಗೆ

ರೋಡ್ಸ್ ದ್ವೀಪದ ದೈತ್ಯ ವಿಗ್ರಹ ನಿಜವಾಗ್ಲೂ ಬಂದರಿನ ಮೇಲೆ ಕಾಲು ಅಗಲಿಸಿ ನಿಂತಿತ್ತಾ? ಕೆಳಗೆ ಹಡಗು ಹೋಗ್ತಿದ್ವಾ?

ಇಲ್ಲ. ಆ ಚಿತ್ರ ಎಷ್ಟೋ ಶತಮಾನ ಆದಮೇಲೆ ಕಲ್ಪಿಸಿಕೊಂಡದ್ದು.

ನಡೆದದ್ದು ಇಷ್ಟು. ಕ್ರಿ.ಪೂ. 305-304ರಲ್ಲಿ ಡಿಮೆಟ್ರಿಯಸ್ ಎಂಬ ದಂಡನಾಯಕ ರೋಡ್ಸ್‌ಗೆ ಮುತ್ತಿಗೆ ಹಾಕಿ ಸೋತು ಹೋದ. ಅವನು ಬಿಟ್ಟುಹೋದ ಯುದ್ಧಯಂತ್ರಗಳನ್ನು ಮಾರಿ ಬಂದ ದುಡ್ಡಿನಲ್ಲಿ ಊರಿನವರು ತಮ್ಮ ದೇವರು ಹೀಲಿಯೋಸ್‌ಗೆ ಕಂಚಿನ ವಿಗ್ರಹ ಮಾಡಿಸಿದರು. ಶಿಲ್ಪಿ ಲಿಂಡೋಸ್ ಊರಿನ ಖಾರೆಸ್. 12 ವರ್ಷ ಹಿಡಿಯಿತು. ಎತ್ತರ ಸುಮಾರು 33 ಮೀಟರ್. ಕ್ರಿ.ಪೂ. 226ರ ಸುಮಾರಿಗೆ ಭೂಕಂಪ ಆಗಿ ಮಂಡಿಯ ಹತ್ತಿರ ಮುರಿದು ಬಿತ್ತು. ಪೂರ್ತಿ 60 ವರ್ಷವೂ ನಿಲ್ಲಲಿಲ್ಲ. ಬಿದ್ದ ಮೇಲೂ ಜನ ನೋಡಲು ಬರುತ್ತಿದ್ದರು. ಅದರ ಹೆಬ್ಬೆರಳನ್ನು ತಬ್ಬಿ ಹಿಡಿಯುವುದೇ ಕಷ್ಟ ಅಂತ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ.

ಕಾಲು ಅಗಲಿಸಿ ನಿಲ್ಲಿಸಬೇಕಾಗಿದ್ದರೆ ಅಷ್ಟು ವರ್ಷ ಬಂದರನ್ನು ಮುಚ್ಚಬೇಕಿತ್ತು. ವ್ಯಾಪಾರದಿಂದಲೇ ಬದುಕುವ ಊರು ಅದಕ್ಕೆ ಒಪ್ಪುತ್ತಿತ್ತಾ? ಬಿದ್ದಾಗಲೂ ನೀರಿಗೇ ಬೀಳಬೇಕಿತ್ತು. ಆದರೆ ನೆಲದ ಮೇಲೆ ಬಿದ್ದಿರುವುದಾಗಿ ಹಳಬರು ಬರೆದಿದ್ದಾರೆ. ಮುಖದ ಅಂದಾಜು ಬೇಕಾದರೆ ರೋಡ್ಸ್‌ನ ಬೆಳ್ಳಿ ನಾಣ್ಯ ನೋಡಿ. ಒಂದು ಕಡೆ ಕೂದಲು ಹಾರಿಸಿಕೊಂಡ ಹೀಲಿಯೋಸ್, ಇನ್ನೊಂದು ಕಡೆ ಗುಲಾಬಿ. ಊರಿನ ಹೆಸರಿಗೂ ಗ್ರೀಕಿನಲ್ಲಿ ಗುಲಾಬಿಗೂ ಹೆಚ್ಚುಕಡಿಮೆ ಒಂದೇ ಉಚ್ಚಾರ, ಅದಕ್ಕೇ ಆ ಹೂ. 1886ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಿಂತ ಲಿಬರ್ಟಿ ಪ್ರತಿಮೆಯ ತಲೆಯ 7 ಕಿರಣಗಳೂ ಈ ಸೂರ್ಯನ ಕಡೆಯ ಬಳಗವೇ.

ಫೇಥಾನ್ ಬೀಳೋ ಚಿತ್ರಗಳು ಇಷ್ಟೊಂದು ಯಾಕಿವೆ?

ಕಥೆ ಒವಿಡ್‌ನ ಕಾವ್ಯದ ಎರಡನೇ ಭಾಗದಲ್ಲಿ ಬರುತ್ತದೆ. ನೀನು ಸೂರ್ಯನ ಮಗ ಅಲ್ಲ ಅಂತ ಫೇಥಾನ್‌ನನ್ನು ಗೆಳೆಯ ಹಂಗಿಸಿದ. ಹುಡುಗ ಸೀದಾ ಅಪ್ಪನ ಅರಮನೆಗೆ ಹೋದ. ಅಪ್ಪ ಮಗನನ್ನು ತಬ್ಬಿಕೊಳ್ಳಲು ತನ್ನ ತಲೆಯ ಕಿರಣಗಳನ್ನು ತೆಗೆದಿಡುತ್ತಾನೆ. ಇಡೀ ಕಥೆಯಲ್ಲಿ ನನಗೆ ಮರೆಯಲಾಗದ ಸಾಲು ಅದು. ಏನು ಬೇಕಾದರೂ ಕೇಳು ಅಂತ ಆಣೆ ಇಟ್ಟು ಹೇಳಿದ. ಮಗ ಒಂದು ದಿನದ ಮಟ್ಟಿಗೆ ರಥ ಕೇಳಿದ. ಆಣೆ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ತೀರಾ ಮೇಲೆ ಹೋಗಬೇಡ, ತೀರಾ ಕೆಳಗೆ ಇಳಿಯಬೇಡ ಅಂತ ಬುದ್ಧಿ ಹೇಳಿ ಕಳಿಸಿದ. ಆಕಾಶದ ಚೇಳನ್ನು ಕಂಡು ಹುಡುಗ ಹೆದರಿ ಲಗಾಮು ಬಿಟ್ಟ. ಭೂಮಿ ಹೊತ್ತಿಕೊಂಡಿತು. ಕೊನೆಗೆ ಜುಪಿಟರ್ (ಝ್ಯೂಸ್‌ನ ರೋಮನ್ ಹೆಸರು) ಸಿಡಿಲು ಹೊಡೆದು ಉರುಳಿಸಿದ. ಅಕ್ಕತಂಗಿಯರು ನದಿ ದಡದಲ್ಲಿ ಅಳುತ್ತಾ ಮರಗಳಾದರು. ಅವರ ಕಣ್ಣೀರು ಅಂಬರ್ ಎಂಬ ಗಟ್ಟಿ ಅಂಟಾಯಿತು.

ಚಿತ್ರಕಾರನಿಗೆ ಇದರಲ್ಲಿ ಹಬ್ಬ. ನಾಲ್ಕು ಕುದುರೆ ತಲೆಕೆಳಗಾಗಿ ಬೀಳುವುದನ್ನು ಬರೆಯುವ ಅವಕಾಶ ಬೇರೆ ಯಾವ ಕಥೆ ಕೊಡುತ್ತದೆ? ಮೈಕೆಲೇಂಜೆಲೊ 1533ರ ಆಸುಪಾಸು ಗೆಳೆಯ ತೊಮ್ಮಾಸೊ ದೆ ಕವಾಲಿಯೆರಿಗೆ ಕೊಡಲೆಂದು ಇದನ್ನು ಸೀಮೆಸುಣ್ಣದಲ್ಲಿ ಬರೆದ. ಮೂರು ರೂಪ ಉಳಿದಿವೆ: ಲಂಡನ್, ವಿಂಡ್ಸರ್, ವೆನಿಸ್. ಲಂಡನ್ನಿನದರ ಮೇಲೆ, ಇದು ಇಷ್ಟವಾಗದಿದ್ದರೆ ಹೇಳು, ಇನ್ನೊಂದು ಮಾಡುತ್ತೇನೆ ಎಂಬರ್ಥದ ಒಕ್ಕಣೆ ಇದೆ. ಮೈಕೆಲೇಂಜೆಲೊನಂಥವನೂ ಹೀಗೆ ಕೇಳಿದ್ದಾನಲ್ಲ ಅಂತ ಖುಷಿಯಾಗುತ್ತದೆ. ವಿಂಡ್ಸರಿನದು ಮೂರು ಅಂತಸ್ತಿನ ಚಿತ್ರ. ಮೇಲೆ ಹದ್ದಿನ ಮೇಲೆ ಕೂತು ಸಿಡಿಲು ಎಸೆಯುವ ದೇವರು, ನಡುವೆ ಬೀಳುವ ಹುಡುಗ ಮತ್ತು ಕುದುರೆಗಳು, ಕೆಳಗೆ ಮರವಾಗುತ್ತಿರುವ ಹೆಣ್ಣುಮಕ್ಕಳು.

ರೂಬೆನ್ಸ್ ಇಟಲಿಯಲ್ಲಿದ್ದಾಗ, 1604-05ರ ಹೊತ್ತಿಗೆ, ತನ್ನದನ್ನು ಶುರು ಮಾಡಿದ. ಅದು ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬೆಳಕು ಮೇಲಿಂದ ಬಾಣದ ಹಾಗೆ ನಾಟುತ್ತದೆ. ಕಾಲದ ದೇವತೆಗಳಿಗೆ ಅವನು ಚಿಟ್ಟೆಯ ರೆಕ್ಕೆ ಕೊಟ್ಟಿದ್ದಾನೆ. ಗಂಟೆಗಳೇ ದಿಕ್ಕೆಟ್ಟು ಹಾರಿಹೋಗುತ್ತಿವೆ. ಪುಸ್ಸಾಂ ಮಾತ್ರ ಬೀಳುವುದನ್ನು ಬರೆಯಲೇ ಇಲ್ಲ. ಬರ್ಲಿನ್‌ನಲ್ಲಿರುವ ಅವನ ಚಿತ್ರದಲ್ಲಿ ಮಗ ಅಪ್ಪನ ಎದುರು ಮಂಡಿಯೂರಿ ರಥ ಕೇಳುತ್ತಿದ್ದಾನೆ. ಮುಂದೇನಾಗುತ್ತದೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಫೇಥಾನ್, ಇಕಾರಸ್ ಇಬ್ರೂ ಒಬ್ಬನೇನಾ?

ಅಲ್ಲ. ಇಕಾರಸ್ ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿದವನು. ನಮ್ಮ ಸಂಪಾತಿಯನ್ನು ನೆನೆಸಿಕೊಳ್ಳಿ, ತಮ್ಮ ಜಟಾಯುವನ್ನು ಕಾಪಾಡಲು ಹೋಗಿ ರೆಕ್ಕೆ ಸುಟ್ಟುಕೊಂಡವನು. ಚಿತ್ರದಲ್ಲಿ ಕುದುರೆ ಇದ್ದರೆ ಫೇಥಾನ್, ಗರಿ ಉದುರುತ್ತಿದ್ದರೆ ಇಕಾರಸ್.

ಕ್ಯಾಲೆಂಡರ್‌ಗಳಲ್ಲಿ ಬರೋ ಆ ಆರೋರಾ ಚಿತ್ರ ಯಾರದು? ಮುಂದೆ ಹೂ ಚೆಲ್ಲುತ್ತಾ ಹಾರೋಳು ಯಾರು?

ಗ್ವಿಡೋ ರೇನಿ 1614ರಲ್ಲಿ ಮುಗಿಸಿದ ಚಾವಣಿ ಚಿತ್ರ. ಕಾರ್ಡಿನಲ್ ಶಿಪಿಯೋನೆ ಬೋರ್ಗೇಸೆ ಬರೆಸಿದ್ದು. ರೋಮ್‌ನ ಪಲ್ಲವಿಚಿನಿ ರೊಸ್ಪಿಲ್ಯೋಸಿ ಅರಮನೆಯ ತೋಟದ ಮನೆಯಲ್ಲಿದೆ. ಮುಂದೆ ಹಾರುವವಳು ಆರೋರಾ, ಅಂದರೆ ಮುಂಜಾವು. ಹಿಂದೆ ದೀವಟಿಗೆ ಹಿಡಿದ ಮಗು ಬೆಳ್ಳಿಚುಕ್ಕಿ. ರಥದಲ್ಲಿ ಅಪೋಲೋ, ಸುತ್ತ ಕೈ ಕೈ ಹಿಡಿದ ಹೆಣ್ಣುಮಕ್ಕಳು ದಿನದ ಗಂಟೆಗಳು. ಕೆಳಗೆ ಸಮುದ್ರ, ಇನ್ನೂ ನೀಲಿಗತ್ತಲು. ಊರಿಗೆ ಬೆಳಕು ತಲುಪಿಲ್ಲ.

ಇದನ್ನು 7 ವರ್ಷ ಆದಮೇಲೆ ಅದೇ ಊರಿನಲ್ಲಿ ಗ್ವೆರ್ಚಿನೊ ಬರೆದ ಆರೋರಾ ಜೊತೆ ಇಟ್ಟು ನೋಡಿ. ರೇನಿಯದು ಗೋಡೆಗೆ ಹಾಕುವ ಚಿತ್ರವನ್ನು ಚೌಕಟ್ಟಿನ ಸಮೇತ ಚಾವಣಿಗೆ ಅಂಟಿಸಿದ ಹಾಗಿದೆ. ಗ್ವೆರ್ಚಿನೊ ಚಾವಣಿಯನ್ನೇ ಕಿತ್ತುಹಾಕಿ ಆಕಾಶ ತೋರಿಸಿದ್ದಾನೆ. ಕುದುರೆಯ ಹೊಟ್ಟೆ ನಮ್ಮ ತಲೆಯ ಮೇಲೇ ಹಾದುಹೋಗುತ್ತದೆ. ಹಿಂದೆ ಮಂಚದಲ್ಲಿ ಆರೋರಾಳ ಮುದುಕ ಗಂಡ ಟಿಥೋನಸ್. ಅವನಿಗೆ ಸಾವು ಬಾರದಿರಲಿ ಅಂತ ವರ ಬೇಡಿದಳು, ಮುಪ್ಪೂ ಬಾರದಿರಲಿ ಅನ್ನುವುದನ್ನು ಮರೆತಳು. ರೇನಿಯದು ಸುಂದರ, ಒಪ್ಪುತ್ತೇನೆ. ಆದರೆ ನನ್ನ ಓಟು ಗ್ವೆರ್ಚಿನೊಗೆ.

ಸೂರ್ಯನನ್ನು ಪ್ರೀತಿಸಿ ಸೂರ್ಯಕಾಂತಿ ಹೂವಾದ ಹುಡುಗಿ ಕಥೆ ಇದೆಯಂತಲ್ಲ?

ಕಥೆ ಇದೆ, ಹೂ ತಪ್ಪು. ಕ್ಲೈಟೀ ಎಂಬ ಅಪ್ಸರೆ ಸೂರ್ಯ ತನ್ನನ್ನು ಬಿಟ್ಟುಹೋದ ಮೇಲೆ ಅನ್ನ ನೀರು ಬಿಟ್ಟು ಅವನನ್ನೇ ನೋಡುತ್ತಾ ಕೂತು ಹೂವಾದಳು ಅಂತ ಒವಿಡ್ ಹೇಳುತ್ತಾನೆ. ಅವನು ಹೇಳುವುದು ಹೆಚ್ಚುಕಡಿಮೆ ನೇರಳೆ ಬಣ್ಣದ ಚಿಕ್ಕ ಹೂ. ನಮ್ಮ ಹೊಲಗಳಲ್ಲಿ ಬೆಳೆಯುವ ಸೂರ್ಯಕಾಂತಿ ಅಮೆರಿಕದ ಗಿಡ, ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ. ಒವಿಡ್ ಅದನ್ನು ನೋಡಿರಲು ಸಾಧ್ಯವೇ ಇಲ್ಲ. ಆದರೂ 17ನೇ ಶತಮಾನದ ಚಿತ್ರಕಾರರು ಕ್ಲೈಟೀ ಪಕ್ಕ ಸೂರ್ಯಕಾಂತಿಯನ್ನೇ ಇಟ್ಟರು. ಅಷ್ಟು ದೊಡ್ಡ ಹಳದಿ ಮುಖದ ಹೂ ಕೈಗೆ ಸಿಕ್ಕ ಮೇಲೆ ಯಾರು ಬಿಡುತ್ತಾರೆ?

ಸೂರ್ಯದೇವರು ಚಾಡಿ ಹೇಳೋ ಚಿತ್ರ ಒಂದಿದೆಯಂತೆ, ಹೌದಾ?

ಹೌದು. ವೆಲಾಸ್ಕೆಜ್ 1630ರಲ್ಲಿ ರೋಮ್‌ನಲ್ಲಿದ್ದಾಗ ಬರೆದದ್ದು, ಮ್ಯಾಡ್ರಿಡ್‌ನ ಪ್ರಾಡೊದಲ್ಲಿದೆ. ಮೇಲಿಂದ ಎಲ್ಲವನ್ನೂ ನೋಡುವವನಿಗೆ ಊರಿನ ಗುಟ್ಟೆಲ್ಲ ಗೊತ್ತಿರುತ್ತದೆ. ವೀನಸ್ ಮತ್ತು ಮಾರ್ಸ್ ಗುಟ್ಟಾಗಿ ಸೇರುತ್ತಿದ್ದುದನ್ನು ಅವಳ ಗಂಡ, ಕಮ್ಮಾರ ವಲ್ಕನ್‌ಗೆ ಸೂರ್ಯ ತಿಳಿಸುತ್ತಾನೆ. ಕುಲುಮೆಯ ಹೊಗೆಗಪ್ಪು ಕೋಣೆಗೆ ಕೇಸರಿ ಬಟ್ಟೆ ಉಟ್ಟು, ಲಾರೆಲ್ ಎಲೆ ಮುಡಿದು, ತಲೆಯ ಸುತ್ತ ಬೆಳಕು ಹೊತ್ತು ಬೆಳ್ಳಗೆ ನಿಂತಿದ್ದಾನೆ. ಕೆಲಸದಾಳುಗಳು ಸುತ್ತಿಗೆ ಹಿಡಿದ ಕೈ ಹಾಗೇ ನಿಲ್ಲಿಸಿ ಬಾಯಿ ಬಿಟ್ಟಿದ್ದಾರೆ. ಇನ್ನೊಬ್ಬರ ಮನೆ ವಿಷಯ ಕೇಳುವಾಗಿನ ಮುಖಗಳು. ಸೂರ್ಯನಿಗಿಂತ ಆ ಮುಖಗಳಿಗಾಗಿ ಈ ಚಿತ್ರ ನೋಡಬೇಕು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ರೋಮನ್ ಚಕ್ರವರ್ತಿಗಳಿಗೆ ಸೂರ್ಯನ ಹುಚ್ಚು ಯಾಕೆ ಹಿಡೀತು?

ಎಲ್ಲರಿಗೂ ಕಾಣುವವನು, ಒಬ್ಬನೇ ಇರುವವನು, ದಿನಾ ಸೋಲದೆ ವಾಪಸ್ ಬರುವವನು. ರಾಜನಿಗೆ ಇದಕ್ಕಿಂತ ಒಳ್ಳೆಯ ಪೋಸ್ಟರ್ ಬೇಕಾ?

ನೀರೋ ತನ್ನ ಅರಮನೆಯ ಮುಂದೆ ಝೀನೊಡೋರಸ್ ಎಂಬ ಶಿಲ್ಪಿಯಿಂದ 30 ಮೀಟರಿಗೂ ಎತ್ತರದ ಕಂಚಿನ ಪ್ರತಿಮೆ ಮಾಡಿಸಿದ. ಅವನು ಸತ್ತ ಮೇಲೆ ವೆಸ್ಪೇಸಿಯನ್ ಅದನ್ನು ಸೋಲ್ ದೇವರೆಂದು ಬದಲಾಯಿಸಿದ. ಹೇಡ್ರಿಯನ್ ಅದನ್ನು 24 ಆನೆ ಕಟ್ಟಿ ಜಾಗ ಬದಲಿಸಿದ ಎಂಬ ಕಥೆ ಇದೆ. ಕೊಮೊಡಸ್ ತಲೆ ತೆಗೆಸಿ ತನ್ನ ತಲೆ ಇಡಿಸಿದ. ಅವನು ಹೋದ ಮೇಲೆ ಮತ್ತೆ ಸೂರ್ಯನಾಯಿತು. ಪಕ್ಕದ ಬಯಲಾಟದ ಕಟ್ಟಡಕ್ಕೆ ಕೊಲೋಸಿಯಂ ಎಂಬ ಹೆಸರು ಅಂಟಿದ್ದು ಈ ದೈತ್ಯ ಪ್ರತಿಮೆಯಿಂದ ಅನ್ನುತ್ತಾರೆ.

274ರಲ್ಲಿ ಆರೀಲಿಯನ್ ರೋಮ್‌ನಲ್ಲಿ ಸೋಲದ ಸೂರ್ಯನಿಗೆ ದೊಡ್ಡ ದೇವಸ್ಥಾನ ಕಟ್ಟಿಸಿದ. ಕಾನ್‌ಸ್ಟಂಟೈನ್ ಕ್ರೈಸ್ತರ ಕಡೆ ವಾಲಿದ ಮೇಲೂ ಹತ್ತು ವರ್ಷಕ್ಕೂ ಜಾಸ್ತಿ ಅವನ ನಾಣ್ಯಗಳಲ್ಲಿ ಸೂರ್ಯ ಜೊತೆಗಾರನಾಗಿ ಉಳಿದ. 315ರ ಅವನ ವಿಜಯದ್ವಾರಕ್ಕೆ ಸುಮ್ಮನೆ ಒಂದು ಸುತ್ತು ಹಾಕಿ. ಪೂರ್ವದ ಬದಿಯಲ್ಲಿ ನಾಲ್ಕು ಕುದುರೆಯ ಸೂರ್ಯ ಏಳುತ್ತಾನೆ, ಪಶ್ಚಿಮದ ಬದಿಯಲ್ಲಿ ಚಂದ್ರ ಇಳಿಯುತ್ತಾಳೆ. 321ರಲ್ಲಿ ಅವನು ಸೂರ್ಯನ ದಿನವನ್ನು ರಜಾದಿನ ಮಾಡಿದ. ನಮ್ಮ ಭಾನುವಾರವೂ ಅದೇ ಗ್ರಹಗಳ ವಾರದ ಲೆಕ್ಕದ್ದು.

ಹದಿನಾಲ್ಕನೇ ಲೂಯಿ ಸೂರ್ಯರಾಜ ಅಂತ ಕರೆಸಿಕೊಂಡದ್ದು ಬರೀ ಬಿರುದಾ?

ಬಿರುದಷ್ಟೇ ಅಲ್ಲ, ವೇಷವೂ ಹೌದು. 1653ರಲ್ಲಿ, 14ನೇ ವಯಸ್ಸಿನಲ್ಲಿ, ರಾತ್ರಿಯಿಡೀ ನಡೆದ ಆಸ್ಥಾನದ ಬ್ಯಾಲೆಯ ಕೊನೆಗೆ ಚಿನ್ನದ ಕಿರಣಗಳ ಉಡುಪು ತೊಟ್ಟು ಉದಯಿಸುವ ಸೂರ್ಯನಾಗಿ ಕುಣಿದ. ಮುಂದೆ ಫ್ರಾನ್ಸಿನ ತನ್ನ ವರ್ಸೇಲ್ಸ್ ಅರಮನೆಯ ತೋಟವನ್ನೇ ಆ ನಾಟಕದ ರಂಗ ಮಾಡಿದ. ತ್ಯೂಬಿ ಎಂಬ ಶಿಲ್ಪಿ 1668-71ರಲ್ಲಿ ಸೀಸದಲ್ಲಿ ಎರಕ ಹೊಯ್ದು ಚಿನ್ನದ ಲೇಪ ಕೊಟ್ಟ ಅಪೋಲೋ ಕೊಳದ ರಥ ಅಲ್ಲಿದೆ. ನೀರು ಸೀಳಿ ಮೇಲೆ ಬರುತ್ತದೆ. ಗಮನಿಸಿ, ಕೊಳ ಇರುವುದು ಅರಮನೆಯ ಪಶ್ಚಿಮಕ್ಕೆ, ರಥದ ಮುಖ ಅರಮನೆಯ ಕಡೆಗೆ. ಅಂದರೆ ಸೂರ್ಯ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಿದ್ದಾನೆ! ರಾಜನ ಮನೆ ಯಾವ ಕಡೆಯೋ ಸೂರ್ಯನ ದಾರಿಯೂ ಆ ಕಡೆ.

ಇನ್ನೊಂದು ತಮಾಷೆ. ಎಲ್ಲ ಕಾರಂಜಿಗೂ ಒಟ್ಟಿಗೆ ಬಿಡುವಷ್ಟು ನೀರು ಅಲ್ಲಿರಲಿಲ್ಲ. ರಾಜ ಹತ್ತಿರ ಬಂದಾಗ ಸಿಳ್ಳೆ ಹೊಡೆದು ಒಬ್ಬರಿಗೊಬ್ಬರು ತಿಳಿಸಿ ಅಷ್ಟರ ಮಟ್ಟಿಗೆ ನಲ್ಲಿ ತಿರುಗಿಸುತ್ತಿದ್ದರು.

ಏಸುವನ್ನು ಸೂರ್ಯನ ಥರ ತೋರಿಸಿದ್ದಾರೆ ಅಂತ ಓದಿದೆ. ಇದು ಯಾರೋ ಹುಟ್ಟಿಸಿದ ಮಾತಾ?

ಹುಟ್ಟಿಸಿದ್ದಲ್ಲ. ರೋಮ್‌ನ ಸೇಂಟ್ ಪೀಟರ್ ಚರ್ಚಿನ ಕೆಳಗೆ ಹಳೆಯ ಸ್ಮಶಾನ ಇದೆ. 1940ರ ದಶಕದಲ್ಲಿ ಅಗೆದು ನೋಡಿದಾಗ ಒಂದು ಪುಟ್ಟ ಸಮಾಧಿ ಕೋಣೆಯ ಚಾವಣಿಯಲ್ಲಿ ಮೊಸಾಯಿಕ್ ಚಿತ್ರ ಕಂಡಿತು. ಹಳದಿ ಹಿನ್ನೆಲೆ, ಸುತ್ತ ದ್ರಾಕ್ಷಿ ಬಳ್ಳಿ, ನಡುವೆ ರಥದ ಮೇಲೆ ಕಿರಣ ಹೊತ್ತವನು, ಕೈಯಲ್ಲಿ ಗೋಳ, ಮುಂದೆ ಬಿಳಿ ಕುದುರೆ. ನೋಡಲು ಪಕ್ಕಾ ಸೋಲ್. ಆದರೆ ಅದೇ ಕೋಣೆಯ ಗೋಡೆಗಳಲ್ಲಿ ಯೋನಾ, ಮೀನುಗಾರ, ಕುರುಬ ಇದ್ದಾರೆ. ಇವೆಲ್ಲ ಆಗಿನ ಕ್ರೈಸ್ತರ ಚಿತ್ರಗಳು. ಹಾಗಾಗಿ ಹೆಚ್ಚಿನ ವಿದ್ವಾಂಸರು ಇದನ್ನು ಕ್ರಿಸ್ತ ಅನ್ನುತ್ತಾರೆ. ನೀತಿಯ ಸೂರ್ಯ ಎಂಬ ಮಾತು ಬೈಬಲ್‌ನ ಮಲಾಕಿ ಪುಸ್ತಕದಲ್ಲೇ ಇದೆ. ಕಲಾವಿದನಿಗೆ ಗೊತ್ತಿದ್ದ ಸೂರ್ಯನ ಅಚ್ಚು ಒಂದೇ, ಅದನ್ನೇ ಬಳಸಿದ.

ಯೆಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಲ್ಲಿ ಇನ್ನೂ ಆಶ್ಚರ್ಯ. ಗಲಿಲಾಯ ಸರೋವರದ ದಡದ ಹಮ್ಮತ್ ಟೈಬೀರಿಯಸ್‌ನಲ್ಲಿ 4ನೇ ಶತಮಾನದ ನೆಲಹಾಸಿನ ನಡುವೆ ಕೈ ಎತ್ತಿದ ಹೀಲಿಯೋಸ್, ಸುತ್ತ 12 ರಾಶಿ, ಮೂಲೆಗಳಲ್ಲಿ 4 ಋತು. 6ನೇ ಶತಮಾನದ ಬೇತ್ ಆಲ್ಫಾದಲ್ಲಿ ಅದೇ ವಿಷಯವನ್ನು ಹಳ್ಳಿಯ ಕೈ ಬಿಡಿಸಿದೆ. ಮಕ್ಕಳ ಚಿತ್ರದ ಹಾಗೆ ದುಂಡು ಮುಖ, ಎದುರಿಗೆ ನಾಲ್ಕು ಕುದುರೆ. ಸೆಫೋರಿಸ್ ಊರಿನವರು ಮಾತ್ರ ಅಷ್ಟು ದೂರ ಹೋಗಲಿಲ್ಲ. ಅಲ್ಲಿ ರಥ ಇದೆ, ಕುದುರೆ ಇದೆ, ರಥದಲ್ಲಿ ಕೂರಬೇಕಾದವನ ಜಾಗದಲ್ಲಿ ಬರೀ ಕಿರಣದ ಬಿಲ್ಲೆ. ಮನುಷ್ಯಮುಖದ ದೇವರನ್ನು ಬರೆಯಲು ಮುಜುಗರ, ರಥ ಬಿಡಲು ಮನಸ್ಸಿಲ್ಲ.

ನಮ್ಮ ಸೂರ್ಯನ ಮೂರ್ತಿ ಗ್ರೀಕರಿಂದ ಬಂದದ್ದಾ?

ದೇವರು ಬಂದದ್ದಲ್ಲ. ಸೂರ್ಯ, ಹೀಲಿಯೋಸ್, ಸೋಲ್ ಈ ಮೂರೂ ಶಬ್ದ ಒಂದೇ ಪುರಾತನ ಬೇರಿನವು. ಉಷಸ್, ಇಯೋಸ್, ಆರೋರಾ ಕೂಡ ಹಾಗೇ. ಋಗ್ವೇದದಲ್ಲಿ ಸೂರ್ಯನ ಏಳು ಕುದುರೆಗಳಿವೆ. ರೂಪದ ವಿಷಯಕ್ಕೆ ಬಂದರೆ ಕೊಡುಕೊಳ್ಳುವಿಕೆ ನಡೆದಿರುವುದಕ್ಕೆ ಗುರುತುಗಳಿವೆ. ಕ್ರಿ.ಪೂ. 2ನೇ ಶತಮಾನದಲ್ಲಿ ಬ್ಯಾಕ್ಟ್ರಿಯಾದ (ಈಗಿನ ಅಫ್ಘಾನಿಸ್ತಾನದ ಕಡೆ) ಪ್ಲೇಟೋ ಎಂಬ ಗ್ರೀಕ್ ರಾಜನ ಬೆಳ್ಳಿ ನಾಣ್ಯದಲ್ಲಿ ನಾಲ್ಕು ಕುದುರೆಯ ಹೀಲಿಯೋಸ್ ಇದ್ದಾನೆ. ತತ್ವಜ್ಞಾನಿ ಪ್ಲೇಟೋ ಬೇರೆ, ಇವನು ಬೇರೆ. ಕ್ರಿ.ಪೂ. 1ನೇ ಶತಮಾನದ ಸುಮಾರಿನ ಬೋಧಗಯಾದ ಕಲ್ಲಿನ ಕಟಕಟೆಯಲ್ಲಿ ನಮ್ಮ ಸೂರ್ಯನಿಗೂ ನಾಲ್ಕೇ ಕುದುರೆ, ಆದರೆ ಅಕ್ಕಪಕ್ಕ ಬಾಣ ಬಿಡುವ ಇಬ್ಬರು ಹೆಂಗಸರು. ಆ ಇಬ್ಬರು ಗ್ರೀಕ್ ರಥದಲ್ಲಿಲ್ಲ. ಕುಷಾಣರ ಕನಿಷ್ಕ ಮೊದಲು ನಾಣ್ಯದಲ್ಲಿ ಹೀಲಿಯೋಸ್ ಅಂತ ಗ್ರೀಕ್ ಅಕ್ಷರದಲ್ಲಿ ಬರೆಸಿದ. ಆಮೇಲೆ ಅದೇ ದೇವರಿಗೆ ಮೀರೋ ಎಂಬ ಇರಾನಿ ಹೆಸರು ಕೊಟ್ಟ. ಗಾಂಧಾರದ ಬುದ್ಧನ ತಲೆಯ ಹಿಂದೆ ತಟ್ಟೆಯಂಥ ಪ್ರಭೆ ಬಂದದ್ದೂ ಈ ಸಂತೆಯ ಕಾಲದಲ್ಲೇ.

ಉತ್ತರದ ಸೂರ್ಯನ ಮೂರ್ತಿಗಳಿಗೆ ಮಂಡಿಯವರೆಗೆ ಬೂಟು ಇರುತ್ತದೆ, ಅದು ಮಧ್ಯ ಏಷ್ಯಾದ ಉಡುಪು. ದಕ್ಷಿಣದಲ್ಲಿ ಅವನು ಬರಿಗಾಲಿನವನು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಕ್ಕೆ ಹೋದರೆ ಪೂರ್ವದ ಮುಖಮಂಟಪದಲ್ಲಿ ಕತ್ತು ಎತ್ತಿ ನೋಡಿ. 8ನೇ ಶತಮಾನದ ಸೂರ್ಯ ಏಳು ಕುದುರೆಯ ರಥದಲ್ಲಿದ್ದಾನೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ನಂದಿಮಂಟಪದ ಹಿಂದೆ ಪುಟ್ಟ ಗುಡಿಯಲ್ಲಿ ನಿಂತ ಸೂರ್ಯನಿದ್ದಾನೆ. ಬಹಳ ಜನ ನಂದಿಯ ಹತ್ತಿರ ಫೋಟೋ ತೆಗೆಸಿಕೊಂಡು ಹಾಗೇ ತಿರುಗಿಬಿಡುತ್ತಾರೆ.

ನೋಡಲಾಗದ ಬೆಳಕಿನ ಪಾಡು ನಮ್ಮ ಪುರಾಣದಲ್ಲೂ ಇದೆ. ಗಂಡನ ತಾಪ ತಡೆಯಲಾಗದೆ ಸಂಜ್ಞೆ ತನ್ನ ಜಾಗದಲ್ಲಿ ಛಾಯೆಯನ್ನು ಬಿಟ್ಟು ಹೋಗುತ್ತಾಳೆ. ಅವಳಪ್ಪ ವಿಶ್ವಕರ್ಮ ಅಳಿಯನನ್ನು ಸಾಣೆಗೆ ಹಿಡಿದು ಉಜ್ಜಿ ತೇಜಸ್ಸು ಕಮ್ಮಿ ಮಾಡುತ್ತಾನೆ. ಅಲ್ಲಿ ಅಪ್ಪ ಮಗನಿಗಾಗಿ ಕಿರಣ ಬಿಚ್ಚಿಟ್ಟ, ಇಲ್ಲಿ ಮಾವ ಮಗಳಿಗಾಗಿ ಅಳಿಯನನ್ನು ಕೆತ್ತಿದ.

ಒಂದೇ ಒಂದು ಸೂರ್ಯನ ಚಿತ್ರ ನೋಡೋಕೆ ಅವಕಾಶ ಸಿಕ್ಕಿದ್ರೆ ಎಲ್ಲಿಗೆ ಹೋಗಲಿ?

ಜರ್ಮನಿಯ ವ್ಯುರ್ಟ್ಸ್‌ಬರ್ಗ್. ಅಲ್ಲಿನ ಅರಮನೆಯ ಮೆಟ್ಟಿಲ ಮೇಲಿನ ಚಾವಣಿಯಲ್ಲಿ ಟಿಯೆಪೊಲೊ 1752-53ರಲ್ಲಿ ಅಪೋಲೋ ಮತ್ತು ನಾಲ್ಕು ಖಂಡಗಳನ್ನು ಬರೆದ. ಫೋಟೋದಲ್ಲಿ ಇದು ದಕ್ಕುವುದಿಲ್ಲ, ಯಾಕೆಂದರೆ ಹತ್ತುತ್ತಾ ನೋಡಬೇಕಾದ ಚಿತ್ರ ಇದು. ಒಂದೊಂದೇ ಮೆಟ್ಟಿಲಿಗೆ ಆಕಾಶ ಬಿಚ್ಚಿಕೊಳ್ಳುತ್ತದೆ. ಅಪೋಲೋ ಇನ್ನೂ ಹೊರಟಿಲ್ಲ, ಕುದುರೆಗಳನ್ನು ತರುತ್ತಿದ್ದಾರೆ. ಅಂಚಿನ ಸುತ್ತ ಆನೆಯ ಏಷ್ಯಾ, ಒಂಟೆಯ ಆಫ್ರಿಕಾ, ಮೊಸಳೆಯ ಅಮೆರಿಕ. ಯುರೋಪ್ ಮಾತ್ರ ಸಂಗೀತ, ಕಲೆ ಇಟ್ಟುಕೊಂಡು ಗತ್ತಿನಲ್ಲಿ ಕೂತಿದೆ. ಬರೆಸಿದವರ ಮನಸ್ಸು ಅಷ್ಟು ನೇರ. ಕಟ್ಟಡದ ವಾಸ್ತುಶಿಲ್ಪಿ ನಾಯ್ಮನ್ ಕೂಡ ಚಿತ್ರದಲ್ಲಿದ್ದಾನೆ, ಫಿರಂಗಿಗೆ ಒರಗಿಕೊಂಡು. ಅವನು ಕಂಬವಿಲ್ಲದೆ ಕಟ್ಟಿದ ಆ ಕಮಾನು 1945ರ ಮಾರ್ಚ್‌ನ ಬಾಂಬ್ ದಾಳಿಯಲ್ಲಿ ಊರೆಲ್ಲ ಉರಿದರೂ ಬೀಳಲಿಲ್ಲ. ಅದರ ಕೆಳಗಿನ ಸೂರ್ಯನೂ ಉಳಿದ.

ಭೂಮಿನೇ ತಿರುಗೋದು ಅಂತ ಗೊತ್ತಾದ ಮೇಲೆ ಈ ರಥ ನಿಂತುಹೋಗಿರಬೇಕಲ್ಲ?

ನಿಲ್ಲಲಿಲ್ಲ. ಟಿಯೆಪೊಲೊ ಬರೆಯುವ ಹೊತ್ತಿಗೆ ಕೋಪರ್ನಿಕಸ್ ಸತ್ತು 200 ವರ್ಷ ದಾಟಿತ್ತು. ದೆಲಾಕ್ರವಾ 1850-51ರಲ್ಲಿ ಲೂವ್ರ್‌ನ ಚಾವಣಿಯಲ್ಲಿ ಹೆಬ್ಬಾವು ಕೊಲ್ಲುವ ಅಪೋಲೋನನ್ನು ರಥದ ಮೇಲೇ ಕೂರಿಸಿದ. ಅದನ್ನು ನೋಡಿ ಮರುಳಾದ ರೆಡಾನ್ 1900ರ ನಂತರ ಅದೇ ರಥವನ್ನು ಮತ್ತೆ ಮತ್ತೆ ಬರೆದ. ಅವನಲ್ಲಿ ಕಥೆ ಕರಗಿ ನೀಲಿ, ಕಿತ್ತಳೆ ಬಣ್ಣ ಉಳಿಯಿತು. 1960ರಲ್ಲಿ ನಾಸಾದ ಏಬ್ ಸಿಲ್ವರ್‌ಸ್ಟೀನ್ ಚಂದ್ರಯಾನಕ್ಕೆ ಅಪೋಲೋ ಹೆಸರಿಟ್ಟದ್ದೂ ರಥದಲ್ಲಿ ಹೋಗುವ ಅಪೋಲೋನನ್ನು ನೆನೆಸಿಕೊಂಡೇ. ಚಂದ್ರನಿಗೆ ಹೋಗಲು ಸೂರ್ಯನ ಹೆಸರು! ಈಗಿನ ಯೋಜನೆಗೆ ಅವನ ಅವಳಿ ಆರ್ಟೆಮಿಸ್ ಹೆಸರಿಟ್ಟು ಲೆಕ್ಕ ಸರಿ ಮಾಡಿಕೊಂಡಿದ್ದಾರೆ.

ನನಗೆ ತೀರಾ ಇಷ್ಟವಾದದ್ದು ಟರ್ನರ್ 1829ರಲ್ಲಿ ತೋರಿಸಿದ ಚಿತ್ರ, ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಒಡಿಸಿಯಸ್ ಒಕ್ಕಣ್ಣ ರಾಕ್ಷಸನನ್ನು ಅಣಕಿಸುತ್ತಾ ಹಡಗು ಬಿಡುತ್ತಿದ್ದಾನೆ. ಎಲ್ಲರೂ ನೋಡುವುದು ಹಡಗನ್ನು, ಬೆಟ್ಟದ ಮೇಲಿನ ರಾಕ್ಷಸನನ್ನು. ಬಲಕ್ಕೆ ಸಮುದ್ರದ ಅಂಚಿನಲ್ಲಿ ಸೂರ್ಯ ಏಳುತ್ತಿದ್ದಾನೆ. ಆ ಹಳದಿಯ ಒಳಗೆ ಟರ್ನರ್ ರಥದ ಕುದುರೆಗಳನ್ನು ಬರೆದಿದ್ದಾನೆ. ಬಣ್ಣ ಮಾಸಿ ಅವು ಈಗ ಅಷ್ಟಾಗಿ ಕಾಣುವುದಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವಲ್ಲಿ ನಿಂತು, ಸ್ವಲ್ಪ ಹೊತ್ತು ಹುಡುಕಬೇಕು.